ಕಂಬನ ಕಡೆಯವನು

ದೊಡ್ಡಳಿಯ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಪಕ್ಕದ ಬೀದಿಯ ಸೋಫಾ ಅಂಗಡಿಯವನು ಗಾಜಿನ ಬಾಗಿಲು ಹಾಕಿಸಿದಾಗ ಇವನೇ ಹೋಗಿ ಚೆನ್ನಾಗಿದೆ ಎಂದು ಹೇಳಿ ಬಂದಿದ್ದ. ಜೊತೆಗೆ ಓದಿದವರು ಕಾರು ಕೊಂಡರೆ ಆ ಕಾರಿನ ಸೀಟುಗಳಿಗೆ ಕವರು ಹೊಲಿದು, ಬೆನ್ನು ತಟ್ಟಿ ಕಳಿಸುತ್ತಿದ್ದ. ಅಂಥವನು ಒಂದು ಮಧ್ಯಾಹ್ನ, ಮಾವ ನಾಲ್ಕು ಬಟ್ಟೆ ಸುರುಳಿಗಳನ್ನು ಎತ್ತಿ ನೆಲಕ್ಕಿಟ್ಟದ್ದನ್ನು ನೋಡಿ ಒಳಗೊಳಗೇ ಹೊತ್ತಿಕೊಂಡು ಉರಿದ.

ಮಾವನದು ಸೋಫಾ, ಕುರ್ಚಿಗಳಿಗೆ ಮೆತ್ತೆ ಕೂರಿಸುವ ಕಾರ್ಖಾನೆ. ಕಾರ್ಖಾನೆ ಎಂಬುದು ದೊಡ್ಡ ಮಾತು. ಮನೆಯ ಕೆಳಗಿನ ಒಂದು ಉದ್ದನೆಯ ಕೋಣೆ, ಅಷ್ಟೆ. ಮುಂದೆ ಶಟರು, ಗೋಡೆಗುಂಟ ಚರ್ಮ ಸುಲಿಸಿಕೊಂಡು ಬರಿಮೈಲಿ ನಿಂತ ಸೋಫಾಗಳು, ಹಿಂದೆ ಬಟ್ಟೆ ಕತ್ತರಿಸುವ ಮೇಜು. ಮೇಜಿನ ಆಚೆ ಕಡೆ ಇಬ್ಬರು ಕೂರುವ ಹಳೆಯ ಸೋಫಾ ಒಂದಿದೆ, ಯಾರೋ ರಿಪೇರಿಗೆ ಕೊಟ್ಟು ಮರೆತದ್ದು. ಅದರ ಒಂದು ಸೀಟು ಮಾವನದು, ಇನ್ನೊಂದು ಬಟ್ಟೆ ಸುರುಳಿಗಳದ್ದು. ಮೇಜಿನ ಈಚೆಗೆ ಒಂದು ಮರದ ಸ್ಟೂಲು. ಅದು ದೊಡ್ಡಳಿಯನ ಜಾಗ. ಊರಿನ ಬೆನ್ನಿಗೆಲ್ಲ ಮೆತ್ತೆ ಹೊಲಿಯುವ ಪುಣ್ಯಾತ್ಮ ತಾನು ಮಾತ್ರ ಇಷ್ಟು ವರ್ಷ ಮರದ ಮೇಲೆ ಕೂತಿದ್ದ. ಆದರೂ ಅದು ಅವನಿಗೆ ಒಂದು ದಿನವೂ ಚುಚ್ಚಿರಲಿಲ್ಲ.

ಚುಚ್ಚದಿರಲು ಕಾರಣವಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚಿದ ಕೂಡಲೇ ಆ ಮೇಜಿನ ಮೇಲೆ ಪಂಜಕುಸ್ತಿ ಶುರುವಾಗುತ್ತಿತ್ತು. ಮೊಣಕೈ ಊರಿ, ಕೈ ಕೈ ಹಿಡಿದು ಕೆಡವುವ ಆ ಕುಸ್ತಿಯನ್ನು ಇಲ್ಲಿ ಆಡುತ್ತಿದ್ದದ್ದು ಬಾಯಲ್ಲಿ. ದೇಶ ದೇಶಗಳ ಪಂಜಕುಸ್ತಿ ಪೈಲ್ವಾನರನ್ನೆಲ್ಲ ಮಾವ ಫೋನಿನಲ್ಲಿ ನೋಡಿಟ್ಟುಕೊಂಡಿದ್ದರು. ಅವರ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ಕಾರ್ಖಾನೆಯಲ್ಲೇ ಹೆಸರಿಟ್ಟದ್ದಾಯಿತು. ಒಬ್ಬ ಕಂಬ. ಉದ್ದನೆಯ ತೋಳು, ಉದ್ದನೆಯ ಬೆರಳು. ಮಣಿಕಟ್ಟು ನೆಟ್ಟಗೆ ನಿಲ್ಲಿಸಿ, ಎದುರಾಳಿಯ ಬೆರಳುಗಳನ್ನು ದೂರದಿಂದಲೇ ಒಂದೊಂದಾಗಿ ಬಿಡಿಸಿ ಕೆಡವುವವನು. ಇನ್ನೊಬ್ಬ ಕೊಕ್ಕೆ. ಗಿಡ್ಡ, ಗಟ್ಟಿ ಆಳು. ಮಣಿಕಟ್ಟನ್ನು ಒಳಕ್ಕೆ ಮಡಚಿ, ಎದುರಿನ ಕೈಯನ್ನು ತನ್ನ ಎದೆಯ ಹತ್ತಿರಕ್ಕೆ ಎಳೆದುಕೊಂಡು ಮೈಭಾರ ಹಾಕಿ ಒತ್ತುವವನು. ಕಂಬ ಆಟ ಬಿಟ್ಟ ಮೇಲೆ ಕೊಕ್ಕೆ ಬಂದದ್ದರಿಂದ ಅವರಿಬ್ಬರ ಕೈ ಎಂದೂ ಸೇರಲೇ ಇಲ್ಲ. ಸೇರಿದ್ದರೆ ಯಾರು ಗೆಲ್ಲುತ್ತಿದ್ದರು? ಮಾವ ಕೊಕ್ಕೆಯ ಕಡೆ. ದೊಡ್ಡಳಿಯ ಕಂಬನ ಕಡೆ.

ಈ ಪ್ರಶ್ನೆ ಹುಟ್ಟಿದ್ದು ದೊಡ್ಡಳಿಯ ಮದುವೆಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ಮಾವ ಮಾತಿಗೆ ಬಲು ಬಿಗಿ. "ಮೊಳೆ", "ದಾರ", "ಇನ್ನೂ ಎಳೀರಿ", ಬೆಳಗಿನಿಂದ ಸಂಜೆವರೆಗೆ ಅವರ ಬಾಯಿಂದ ಬರುತ್ತಿದ್ದದ್ದು ಇಷ್ಟೆ. ಒಂದು ದಿನ ಫೋನಿನಲ್ಲಿ ಕೊಕ್ಕೆಯ ಆಟ ನೋಡುತ್ತಾ ಅವರು ತಮ್ಮಷ್ಟಕ್ಕೆ, "ಇವನ ಮುಂದೆ ಆ ಕಂಬ ನಿಲ್ತಿರ್ಲಿಲ್ಲ" ಅಂದರು. ದೊಡ್ಡಳಿಯನಿಗೆ ಕಂಬನೂ ಗೊತ್ತಿಲ್ಲ, ಕೊಕ್ಕೆಯೂ ಗೊತ್ತಿಲ್ಲ. ಏನಾದರೂ ಮಾತಾಡಬೇಕಲ್ಲ ಅಂತ, "ಯಾಕೆ ಮಾವ, ನಿಲ್ತಿದ್ದ" ಅಂದುಬಿಟ್ಟ. ಮಾವ ತಲೆ ಎತ್ತಿ ಅವನನ್ನು ನೋಡಿದರು. ಅಳಿಯನಾದ ಮೇಲೆ ಮೊದಲ ಸಲ ಸರಿಯಾಗಿ ನೋಡಿದ್ದು ಅದೇ. ಆಮೇಲೆ ಸುತ್ತಿಗೆ ಕೆಳಗಿಟ್ಟು ಮಾತಾಡತೊಡಗಿದವರು ಟೀ ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ.

ಅಂದಿನಿಂದ ದೊಡ್ಡಳಿಯ ಕಂಬನ ವಕೀಲ. ವಕೀಲಿಕೆಗೆ ಸರಕು ಬೇಕಲ್ಲ, ಕದ್ದು ಕದ್ದು ಹಳೆಯ ಆಟಗಳನ್ನೆಲ್ಲ ನೋಡಿದ. ನೋಡುತ್ತಾ ನೋಡುತ್ತಾ ಒಂದು ಸತ್ಯ ಹೊಳೆಯಿತು. ಮಾವ ಹೇಳುವುದೇ ಸರಿ. ಕೊಕ್ಕೆಯ ಮುಂದೆ ಕಂಬ ಒಂದು ಉಸಿರು ನಿಲ್ಲುವುದಿಲ್ಲ.

ಹೇಳಿದನೇ? ಹೇಳಲು ಅವನಿಗೇನು ತಲೆ ಕೆಟ್ಟಿತ್ತೆ! ಒಪ್ಪಿಕೊಂಡ ದಿನ ಮಾತು ಮುಗಿಯುತ್ತದೆ, ಮಾವ ಮತ್ತೆ "ಮೊಳೆ", "ದಾರ"ಕ್ಕೆ ಇಳಿಯುತ್ತಾರೆ. ಹಾಗಾಗಿ ತುಟಿ ಪಿಟಕ್ಕೆನ್ನದೆ ಕೊಕ್ಕೆಯ ಮೇಲಿನ ಭಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ವರ್ಷಗಟ್ಟಲೆ ಸೋಲುವ ಕುದುರೆಯ ಪರವಾಗಿ ಗಂಟಲು ಹರಿದುಕೊಂಡ. ಹೆಂಡತಿಗೂ ಈ ಗುಟ್ಟು ಗೊತ್ತಿರಲಿಲ್ಲ.

ಇಂಥ ಸಂಸಾರದೊಳಕ್ಕೆ ಬಂದ ಚಿಕ್ಕಳಿಯ. ನಾದಿನಿಯ ಗಂಡ, ವರಸೆಯಲ್ಲಿ ದೊಡ್ಡಳಿಯನಿಗೆ ಷಡ್ಡಕ. ಬಸ್ಸುಗಳ ಸೀಟು ಹೊಲಿಯುವ ಕಡೆ ಇದ್ದ. ಅವರು ಬಾಗಿಲು ಹಾಕಿದ್ದರಿಂದ ಮಾವನೇ ಕರೆಸಿಕೊಂಡರು. ಕೆಲಸದಲ್ಲಿ ಎತ್ತಿದ ಕೈ, ನಗುಮುಖ, ಮೊದಲ ದಿನವೇ "ಅಣ್ಣ, ಅಣ್ಣ" ಎಂದು ಹಿಂದೆ ಬಿದ್ದ. ತಪ್ಪು ಹುಡುಕೋಣವೆಂದರೆ ಒಂದೂ ಸಿಗದ ಪ್ರಾಣಿ. ಅದೇ ಮೊದಲ ತಲೆನೋವು.

ಅಂದು ಮಧ್ಯಾಹ್ನ ಎಂದಿನಂತೆ ವಾದ ಏರಿತ್ತು. ಚಿಕ್ಕಳಿಯ ಬುತ್ತಿ ಹಿಡಿದು ನಿಂತುಕೊಂಡೇ ಕೇಳುತ್ತಿದ್ದವನು ಮೆಲ್ಲಗೆ, "ಅಣ್ಣ, ಕೋಪ ಮಾಡ್ಕೋಬೇಡಿ. ಕಂಬನ ಕೊನೇ ಆಟಗಳನ್ನ ನೋಡಿದೀರಾ? ಹೆಬ್ಬೆರಳಿನ ಬಲವೇ ಹೋಗ್ಬಿಟ್ಟಿತ್ತು ಅವನದು. ಕೊಕ್ಕೆ ಒಳಕ್ಕೆ ಎಳ್ಕೊಂಡ ಅಂದ್ರೆ ಆ ಹೆಬ್ಬೆರಳು ಏನ್ ಮಾಡುತ್ತೆ?" ಅಂದ.

ಮಾವ ತೊಡೆ ತಟ್ಟಿದರು. "ಹೇಳೋ, ಹೇಳು! ಇವ್ರಿಗೆ ನಾನು ಹೇಳಿ ಹೇಳಿ ಸಾಕಾಯ್ತು. ಬಾರೋ ಇಲ್ಲಿ, ಕೂತ್ಕೋ." ಹಾಗಂದವರೇ ಪಕ್ಕದ ಬಟ್ಟೆ ಸುರುಳಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ಎತ್ತಿ ನೆಲಕ್ಕಿಟ್ಟರು. ಬಲಭುಜ ಹಿಡಿದುಕೊಂಡು ವರ್ಷವಾಗಿತ್ತು ಅವರಿಗೆ. ಆ ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಅಂಥ ಮನುಷ್ಯ ಕಷ್ಟಪಟ್ಟು ಸುರುಳಿ ಎತ್ತಿ ಜಾಗ ಮಾಡಿಕೊಟ್ಟರು, ನಿನ್ನೆ ಮೊನ್ನೆ ಬಂದವನಿಗೆ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ "ಬಾರೋ", "ಕೂತ್ಕೋ"! ದೊಡ್ಡಳಿಯ ಇಷ್ಟು ವರ್ಷವೂ "ಅಳಿಯಂದ್ರೇ, ನೀವು". ಮರ್ಯಾದೆ ಅಂದುಕೊಂಡಿದ್ದ. ಈಗ ನೋಡಿದರೆ ಅದು ದೂರ ಕೂರಿಸುವ ಉಪಾಯದಂತೆ ಕಾಣಿಸಿತು.

ದಿನಗಳು ಹೋದ ಹಾಗೆ ಅವನ ಕಣ್ಣು ಬೇರೇನೂ ಕಾಣದಾಯಿತು. ಚಿಕ್ಕಳಿಯ ಸೀಟಿನಡಿಯ ಪಟ್ಟಿ ಎಳೆದು ಬಿಗಿದರೆ ಮಾವ ಬೆರಳಿಂದ ಮೀಟಿ ನೋಡಿ ತಲೆದೂಗುತ್ತಾರೆ. ಚಿಕ್ಕಳಿಯ ಮೆತ್ತೆ ಹೊಲಿಯುವ ಬಾಗಿದ ಸೂಜಿ ಕೇಳಿದರೆ ಮಾವ ತಮ್ಮ ಸ್ವಂತ ಸೂಜಿ ಕೊಡುತ್ತಾರೆ. ಮಧ್ಯಾಹ್ನ ಸೋಫಾದ ಮೇಲೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತು ಇವನೊಬ್ಬನ ಮೇಲೆ ಬೀಳುತ್ತಾರೆ. ಇವನು ಹತ್ತು ಮಾತಾಡಿದರೆ ಅವರು ಇಬ್ಬರಿಂದ ಇಪ್ಪತ್ತು. ವಾದ ಹಿಂದಿಗಿಂತ ಜೋರಾಗಿಯೇ ನಡೆಯುತ್ತಿತ್ತು, ಅದು ಬೇರೆ ಮಾತು. ಜೋರು ಬೇಕಾಗಿರಲಿಲ್ಲ ದೊಡ್ಡಳಿಯನಿಗೆ. ಸೋಫಾದ ಆ ಸೀಟು ಬೇಕಾಗಿತ್ತು. ಮಾವನ ಕಡೆಯವನಾಗಿ, ಮಾವನ ಪಕ್ಕದಲ್ಲಿ.

ತಮಾಷೆಯೆಂದರೆ, ಆ ಸೀಟಿಗೆ ಬೇಕಾದ ಅರ್ಹತೆಯೆಲ್ಲ ಅವನಲ್ಲಿತ್ತು. ಕೊಕ್ಕೆಯ ಬಗ್ಗೆ ಚಿಕ್ಕಳಿಯನಿಗೆ ಗೊತ್ತಿದ್ದದ್ದು ಇವನಿಗೆ ಗೊತ್ತಿದ್ದರ ಕಾಲು ಭಾಗವೂ ಅಲ್ಲ. ಅವನು ಅರೆಬರೆಯಾಗಿ ಹೇಳಿದ್ದನ್ನೆಲ್ಲ ಕೇಳಿ ಮಾವ ಬಾಯಿ ತೆರೆದು ಕೂರುವಾಗ, ದೊಡ್ಡಳಿಯನಿಗೆ ಎದ್ದುನಿಂತು ತಿದ್ದಿಬಿಡೋಣ ಅನ್ನಿಸುತ್ತಿತ್ತು. ಕಂಬನ ವಕೀಲ ಕೊಕ್ಕೆಯ ಪರ ತಿದ್ದುಪಡಿ ತರುವುದು ಹೇಗೆ? ಹಲ್ಲು ಕಚ್ಚಿಕೊಂಡು ಕೂತ.

ಒಂದು ಸಂಜೆ ಹೆಂಡತಿಯ ಮುಂದೆ ಹಗುರಾಗಿ ಮಾತು ತೆಗೆದ. "ನಿಮ್ಮಪ್ಪ ಯಾಕೋ ಅವನನ್ನ ತುಂಬಾ ತಲೆ ಮೇಲೆ ಕೂರಿಸ್ಕೊಂಡಿದಾರಪ್ಪ."

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. "ಹೊಟ್ಟೆಕಿಚ್ಚಾ?"

"ನನಗ್ಯಾಕೆ ಹೊಟ್ಟೆಕಿಚ್ಚು? ಅವನೇನು ಆಕಾಶದಿಂದ ಇಳಿದು ಬಂದವನಾ?"

"ಸರಿ, ಹಂಗಾದ್ರೆ ಆ ದಿಂಬು ಕೆಳಗಿಡಿ. ಅವಾಗಿಂದ ಹಿಂಡ್ತಾ ಇದೀರಾ" ಅಂದಳು. ನೋಡಿದರೆ ದಿಂಬಿನ ಒಂದು ಮೂಲೆ ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಕೆಳಗಿಟ್ಟ.

ಕಾರ್ಖಾನೆಯಲ್ಲಿ ಇನ್ನೊಂದು ಪದ್ಧತಿಯಿತ್ತು, ಕೈ ಎರವಲು ಕೊಡುವುದು. ಬಾಯಿಮಾತು ಸಾಲದೆ ಬಂದಾಗ ಇಬ್ಬರು ಮೇಜಿನ ಮೇಲೆ ಮೊಣಕೈ ಊರಿ ಕೈ ಹಿಡಿಯುತ್ತಿದ್ದರು. ಆದರೆ ಆ ಕೈ ಅವರದಲ್ಲ. ಒಬ್ಬನ ಕೈ ಕಂಬನದು, ಇನ್ನೊಬ್ಬನದು ಕೊಕ್ಕೆಯದು. ಆ ಪೈಲ್ವಾನ ಹೇಗೆ ಎಳೆಯುತ್ತಾನೋ ಹಾಗೇ ಎಳೆಯಬೇಕು, ಬೇರೆ ಥರ ಎಳೆಯುವ ಹಾಗಿಲ್ಲ. ಬಲ ಹಾಕುವ ಹಾಗಿಲ್ಲ. ತೋರಿಸುವುದಷ್ಟೆ, ನಿಧಾನವಾಗಿ, ಬಾಯಲ್ಲಿ ಹೇಳುತ್ತಾ. ಕಂಬನ ಕೈ ಯಾವತ್ತೂ ದೊಡ್ಡಳಿಯನದು, ಕೊಕ್ಕೆಯ ಕೈ ಯಾವತ್ತೂ ಮಾವನದು. ಭುಜ ಹಿಡಿದುಕೊಂಡ ಮೇಲೆ ಈ ಆಟ ನಿಂತುಹೋಗಿತ್ತು. ಮಾವ ಅದರ ಮಾತೆತ್ತಿರಲಿಲ್ಲ. ದೊಡ್ಡಳಿಯನೂ ಎತ್ತಿರಲಿಲ್ಲ, ಅವರಿಗೆ ನೋವಾಗುತ್ತದೆಂದು.

ಒಂದು ಮಧ್ಯಾಹ್ನ ಮಾವನೇ ಮೇಜಿನ ಮೇಲಿದ್ದ ಕತ್ತರಿ, ಸೀಮೆಸುಣ್ಣ ಎಲ್ಲ ಸರಿಸಿದರು. "ಕೈ ಎರವಲು ಕೊಡೋಣ ಇವತ್ತು. ಎಷ್ಟು ದಿನ ಆಯ್ತು!"

ದೊಡ್ಡಳಿಯನ ಎದೆ ಅರಳಿತು. ತೋಳು ಮಡಚುತ್ತಾ, "ಆಗುತ್ತಾ ಮಾವ, ಭುಜ?" ಅಂದ.

"ನನಗೆಲ್ಲಿ ಆಗುತ್ತೆ? ಇವನಿದಾನಲ್ಲ." ಮಾವ ಚಿಕ್ಕಳಿಯನ ಬಲಗೈ ಎತ್ತಿ ಮೇಜಿನ ಮೇಲಿಟ್ಟರು. "ಇವತ್ತಿಂದ ನನ್ನ ಕೈ ಇವನೇ."

ದೊಡ್ಡಳಿಯ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ನನ್ನ ಕೈ ಇವನೇ. ಕಣ್ಣೆದುರಿಗಿದ್ದ ಆ ಕೈಯನ್ನು ನೋಡಿದ, ಮಾವನ ಕೈಯಂತೆ ಅದಕ್ಕೊಂದು ಗಂಟಿಲ್ಲ, ಗಾಯವಿಲ್ಲ. ಮೈಯೆಲ್ಲ ಉರಿ ಹತ್ತಿತು. ಸ್ಟೂಲು ಮುಂದಕ್ಕೆಳೆದು ಮೊಣಕೈ ಊರಿ ಆ ಕೈ ಹಿಡಿದ.

"ಕಂಬ ಬೆರಳು ಬಿಡಿಸ್ತಾನೆ" ಅಂದರು ಮಾವ. ದೊಡ್ಡಳಿಯ ಮಣಿಕಟ್ಟು ನೆಟ್ಟಗಿಟ್ಟು ಚಿಕ್ಕಳಿಯನ ಬೆರಳುಗಳನ್ನು ಹಿಂದಕ್ಕೆ ಸೆಳೆದ.

"ಕೊಕ್ಕೆ ಬಿಡಲ್ಲ. ಒಳಕ್ಕೆ ಎಳ್ಕೊಳ್ಳೋ, ಹಾಂ, ಹಂಗೇ! ನೋಡಿ ಅಳಿಯಂದ್ರೇ, ಹೆಂಗೆ ಬರ್ತಿದೆ ನೋಡಿ! ಥೇಟ್ ನನ್ನ ಕೈ!"

ಚಿಕ್ಕಳಿಯನ ಮಣಿಕಟ್ಟು ಮಡಚುತ್ತಿತ್ತು. ಮಡಚುವ ರೀತಿ ತಪ್ಪು. ಕೊಕ್ಕೆ ಮೊದಲು ಕಿರುಬೆರಳ ಕಡೆಯಿಂದ ಬಿಗಿಯುತ್ತಾನೆ, ಇವನು ಹೆಬ್ಬೆರಳ ಕಡೆಯಿಂದ ಬಿಗಿಯುತ್ತಿದ್ದಾನೆ. ಇಷ್ಟೂ ತಿಳಿಯದವನು ಮಾವನ ಕೈಯಂತೆ! ಆಮೇಲೇನಾಯಿತೆಂದು ದೊಡ್ಡಳಿಯನಿಗೇ ಸರಿಯಾಗಿ ತಿಳಿಯಲಿಲ್ಲ. ತೋರಿಸುವ ಆಟವೆಂಬುದು ಮರೆತುಹೋಯಿತು. ವರ್ಷಗಟ್ಟಲೆ ಪಟ್ಟಿ ಎಳೆದು ಬಿಗಿದ ಬಲವೆಲ್ಲ ತೋಳಿಗೆ ಬಂತು.

"ಅಣ್ಣ, ನಿಧಾನ..." ಅಂದ ಚಿಕ್ಕಳಿಯ. ಅಷ್ಟರಲ್ಲಿ ಅವನ ಕೈ ದಬ್ಬೆಂದು ಮೇಜಿಗೆ ಬಡಿಯಿತು. ಅಂಚಿಗೆ ಸರಿಸಿದ್ದ ಕತ್ತರಿ ಹಾರಿ ನೆಲಕ್ಕೆ ಬಿತ್ತು.

"ಗೆದ್ದ!" ದೊಡ್ಡಳಿಯ ಕೂಗಿದ. "ಕಂಬ ಗೆದ್ದ!"

ಚಿಕ್ಕಳಿಯ ಗೆಣ್ಣು ಉಜ್ಜಿಕೊಳ್ಳುತ್ತಿದ್ದ. ಮಾವ ನೋಡುತ್ತಿದ್ದದ್ದು ದೊಡ್ಡಳಿಯನ ಮುಖವನ್ನಲ್ಲ, ಮಣಿಕಟ್ಟನ್ನು. ಅದು ಇನ್ನೂ ಹಾಗೇ ಇತ್ತು. ಕಿರುಬೆರಳ ಕಡೆಯಿಂದ ಬಿಗಿದು, ಒಳಕ್ಕೆ ಮಡಚಿ, ಎದೆಗೆ ಅವಚಿಕೊಂಡ ಹಾಗೆ.

"ಯಾರು ಗೆದ್ದಿದ್ದು?" ಮಾವ ಕೇಳಿದರು.

"ಕಂ..." ಅನ್ನಲು ಹೋದವನು ತನ್ನ ಕೈಯನ್ನು ತಾನೇ ನೋಡಿಕೊಂಡ.

ಪಾಪ, ಚಿಕ್ಕಳಿಯನದು ಎಂದಿನಂತೆ ಕಲ್ಮಶವಿಲ್ಲದ ಮನಸ್ಸು. "ಮಾವ, ಇದು ಕೊಕ್ಕೆ ಎಳೆತ ಅಲ್ವಾ? ನನಗೇ ಇಷ್ಟು ಚೆನ್ನಾಗಿ ಬರಲ್ಲ. ಅಣ್ಣ, ಎಷ್ಟು ನೋಡಿದೀರಾ ನೀವು ಅವನ ಆಟ!" ಅಂದುಬಿಟ್ಟ.

ಮಾವ ನಿಧಾನವಾಗಿ ಎದ್ದರು. "ಯಾವಾಗಿಂದ?"

ಸುಳ್ಳು ಹೇಳಲು ಇನ್ನು ಜಾಗವಿರಲಿಲ್ಲ. "ಬಹಳ ವರ್ಷ ಆಯ್ತು ಮಾವ. ನೀವು ಹೇಳೋದೇ ಸರಿ. ಕೊಕ್ಕೇನೇ ಗೆಲ್ಲೋದು."

"ಮತ್ತೆ ದಿನಾ ನನ್ನ ಜೊತೆ ಗುದ್ದಾಡ್ತಿದ್ದದ್ದು?" ಅಂದರು ಮಾವ. "ಮುದುಕನ್ನ ಆಡಿಸ್ತಿದ್ಯಾ? ಯಾಕೋ? ಯಾಕೋ ಹಿಂಗ್ ಮಾಡ್ದೆ?"

ಎಷ್ಟು ಆಸೆಪಟ್ಟಿದ್ದ ಆ ಏಕವಚನಕ್ಕೆ! ಬಂತು, ಬೆನ್ನ ಮೇಲೆ ಏಟು ಬಿದ್ದ ಹಾಗೆ. ಮಾವ ಬುತ್ತಿ ಮುಚ್ಚಿ ಮಹಡಿ ಹತ್ತಿದರು. ಅಂದು ಕೆಳಗಿಳಿಯಲಿಲ್ಲ.

ಮರುದಿನ ಇಳಿದರು. "ಮೊಳೆ" ಅಂದರು. "ದಾರ" ಅಂದರು. ಮಧ್ಯಾಹ್ನ ಮೂವರೂ ಗೋಡೆ ನೋಡಿಕೊಂಡು ಉಂಡರು. ಚಿಕ್ಕಳಿಯ ಎರಡು ಸಲ ಕಂಬನ ಮಾತು ತೆಗೆದ, ಯಾರೂ ಕೊಕ್ಕೆಯ ಮಾತಾಡಲಿಲ್ಲ. ಅದರ ಮರುದಿನವೂ ಅಷ್ಟೆ. ಯಾವುದಕ್ಕೆ ಹೆದರಿ ಇಷ್ಟು ವರ್ಷ ನಾಟಕ ಕಟ್ಟಿದ್ದನೋ ಅದು ಕಾರ್ಖಾನೆಯೊಳಗೆ ಬಂದು ಕಾಲು ಚಾಚಿ ಕೂತಿತ್ತು. ತಾನೇ ಕೈಯಾರೆ ಬಾಗಿಲು ತೆಗೆದು ಕರೆತಂದದ್ದು.

ಸಂಜೆ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಪ್ಪ ರಾತ್ರಿ ಊಟ ಬಿಟ್ಟಿದಾರೆ. ತಂಗಿ ಗಂಡ ಕೈಗೆ ಎಣ್ಣೆ ಹಚ್ಕೊಂಡು ಓಡಾಡ್ತಿದಾರೆ. ಏನ್ರೀ ಮಾಡಿದ್ರಿ?"

ಅವನು ಎಲ್ಲ ಹೇಳಿದ. ಸ್ಟೂಲು, ಸೋಫಾ, ಬಟ್ಟೆ ಸುರುಳಿ, ಬಾರೋ ಅಂದದ್ದು, ನನ್ನ ಕೈ ಇವನೇ ಅಂದದ್ದು. ಹೇಳಿ ಮುಗಿಸಿ, "ಹೌದು ಕಣೇ, ಹೊಟ್ಟೆಕಿಚ್ಚೇ. ಅವನ ಕೈ ಮುರಿದಿದ್ರೂ ನನಗೆ ಆ ಹೊತ್ತಲ್ಲಿ ಏನೂ ಅನ್ನಿಸ್ತಿರ್ಲಿಲ್ಲ" ಅಂದ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದ.

"ನಮ್ಮಪ್ಪ ಮನೇಲಿ ಯಾರ ಜೊತೆನೂ ಅಷ್ಟು ಮಾತಾಡಿದ್ದು ನಾನು ನೋಡಿಲ್ಲ. ಅಮ್ಮನ ಜೊತೇನೂ ಇಲ್ಲ, ನಮ್ಮ ಜೊತೇನೂ ಇಲ್ಲ" ಅಂದಳು. "ಹೊಟ್ಟೆಕಿಚ್ಚು ಪಡೋರು ನಾವಾಗಿರ್ಬೇಕಿತ್ತು." ಅಷ್ಟು ಹೇಳಿ ಒಳಗೆ ಹೋದಳು. ಆಮೇಲೆ ಅವಳು ಅಪ್ಪನ ಹತ್ತಿರ ಏನು ಹೇಳಿದಳೋ, ಏನೂ ಹೇಳಲಿಲ್ಲವೋ, ಅದು ಅವನಿಗೆ ತಿಳಿಯಲಿಲ್ಲ.

ಮಾರನೆಯ ಮಧ್ಯಾಹ್ನ ಮೂವರೂ ಬುತ್ತಿ ಬಿಚ್ಚುತ್ತಿದ್ದರು. ಮಾವ ಮುಚ್ಚಳ ತೆಗೆದವರು ಮತ್ತೆ ಹಾಕಿದರು.

"ಇದೇನಿದು, ಸಾವಿನ ಮನೆ ಥರ. ಲೋ ಚಿಕ್ಕೋನೇ, ಏಳೋ. ಆ ಸ್ಟೂಲಿಗೆ ಹೋಗು."

"ಯಾಕೆ ಮಾವ?"

"ಇನ್ಮೇಲೆ ನೀನು ಕಂಬನ ಕಡೆ."

"ಅಯ್ಯೋ ಮಾವ, ನಾನು ಮೊದಲಿಂದ ಕೊಕ್ಕೆ ಕಡೆಯವನಲ್ವಾ?"

"ಎಲ್ರೂ ಕೊಕ್ಕೆ ಕಡೆ ಕೂತ್ರೆ ನಾನು ಯಾರ ಜೊತೆ ಜಗಳ ಆಡ್ಲಿ, ಗೋಡೆ ಜೊತೆನಾ? ಇವನು ಇಷ್ಟು ವರ್ಷ ಒಬ್ಬನೇ ಕಂಬನ್ನ ಹೊತ್ಕೊಂಡಿದ್ದ. ಸ್ವಲ್ಪ ದಿನ ನೀನು ಹೊರು." ಮಾವ ದೊಡ್ಡಳಿಯನ ಕಡೆ ನೋಡದೆಯೇ ಸೋಫಾದ ಖಾಲಿ ಸೀಟು ತಟ್ಟಿದರು. "ಬಾರೋ ಈ ಕಡೆ. ಕಳ್ಳ."

ದೊಡ್ಡಳಿಯ ಸ್ಟೂಲು ಬಿಟ್ಟು ಎದ್ದ. ಮೇಜು ಬಳಸಿಕೊಂಡು ಹೋಗಿ ಮಾವನ ಪಕ್ಕದಲ್ಲಿ ಕೂತ. ಮೆತ್ತೆ ಎಷ್ಟು ಮೆತ್ತಗಿತ್ತು! ಮಾವನ ನೋವಿನ ಭುಜ ಅವನ ಭುಜಕ್ಕೆ ತಾಗಿ ಬೆಚ್ಚಗಿತ್ತು. ಚಿಕ್ಕಳಿಯ ಸ್ಟೂಲಿನ ಮೇಲೆ ಎರಡು ಸಲ ಅತ್ತಿತ್ತ ಸರಿದಾಡಿ, ತಲೆ ಕೆರೆದುಕೊಂಡು, "ಕಂಬನ ಬೆರಳು ಉದ್ದ ಅಲ್ವಾ ಮಾವ..." ಎಂದು ತೊದಲಿದ.

"ಉದ್ದ ಇದ್ರೆ?" ಮಾವ ಮುಂದಕ್ಕೆ ಬಾಗಿದರು. "ಬೆರಳು ಉದ್ದ ಇದ್ರೆ ಏನಾಯ್ತೋ? ಹೇಳು!"

"ಉದ್ದ ಇದ್ರೆ... ಕೊಕ್ಕೆ ಮಡಚೋಕೆ ಮುಂಚೆನೇ ಮೇಲಿಂದ ಹಿಡ್ಕೋಬಹುದು!"

ಮಾತು ಸಿಕ್ಕಿಬಿಟ್ಟಿತು ಅವನಿಗೆ. ಮಾವ ಅಬ್ಬರಿಸಿದರು, ಅವನು ಬಿಡಲಿಲ್ಲ, ಮಾವ ಬುತ್ತಿ ಮರೆತರು. ದೊಡ್ಡಳಿಯ ಬಾಯಿ ಹಾಕಲು ನೋಡಿದ. ಕೊಕ್ಕೆಯ ಪರ ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಹೇಳಿದ ಕೂಡ. ಮಾವ "ಹೂಂ, ಅದೇ, ಅದೇ" ಅಂದರು, ಅವನ ಕಡೆ ತಿರುಗದೆ. ತಮ್ಮದೇ ಕಡೆಯವನಿಗೆ ಬೇರೇನು ಹೇಳಬೇಕು?

ಪಕ್ಕದಲ್ಲಿ ಕೂತರೆ ಮಾವನ ಮುಖ ಕಾಣುತ್ತಿರಲಿಲ್ಲ. ಕಿವಿ ಕಾಣುತ್ತಿತ್ತು, ನೆರೆತ ಕೆನ್ನೆಗೂದಲು ಕಾಣುತ್ತಿತ್ತು. ಆ ಮುಖ ಎದುರಿನ ಸ್ಟೂಲಿಗೆ ಮಾತ್ರ ಕಾಣುತ್ತದೆ ಎಂದು ದೊಡ್ಡಳಿಯನಿಗೆ ಅಲ್ಲಿ ಕೂತ ಮೇಲೆ ತಿಳಿಯಿತು. ಈ ಸೀಟಿನಲ್ಲಿ ಕೂತು ಚಿಕ್ಕಳಿಯ ಇಷ್ಟು ದಿನ ನೋಡಿದ್ದೂ ಇದೇ ಕಿವಿಯನ್ನೇ.

"ಹಂಗಂತೀಯಾ? ಹಂಗಂತೀಯಾ?" ಎಂದು ಮಾವ ಖುಷಿಯಲ್ಲಿ ತೊಡೆ ತಟ್ಟಿದರು. ತಟ್ಟಿದ್ದು ದೊಡ್ಡಳಿಯನ ತೊಡೆಯನ್ನು. ನೋಡುತ್ತಿದ್ದದ್ದು ಚಿಕ್ಕಳಿಯನನ್ನು.